ಮಡಿಕೇರಿಯ ಚಳಿಯಲ್ಲಿ ಈರುಳ್ಳಿ ಬೇರಿನ ಸ್ಲೈಡ್: ಕೋಶ ವಿಭಜನೆಯನ್ನು ನೋಡುವುದು, ಎಣಿಸುವುದು

ಕೋಶ ವಿಭಜನೆಯ ಪ್ರಾಯೋಗಿಕ ತರಗತಿ ಮಳೆಗಾಲದಲ್ಲಿ ಬಂದರೆ ಈರುಳ್ಳಿ ಕೊಳೆಯುತ್ತದೆ, ಚಳಿಗಾಲದಲ್ಲಿ ಬಂದರೆ ಬೇರೇ ಬರುವುದಿಲ್ಲ. ಬಯಲುಸೀಮೆಯವರಿಗಾಗಿ ಬರೆದ ಪ್ರಯೋಗ ಪುಸ್ತಕವನ್ನು ಕೊಡಗಿನಲ್ಲಿ ಹಾಗೆಯೇ ಪಾಲಿಸಿದರೆ ಆಗುವುದು ಇಷ್ಟೇ. ಸ್ಲೈಡಿನಲ್ಲಿ ವಿಭಜನೆ ಕಾಣದಿದ್ದಾಗ ಎಲ್ಲರೂ ಮೊದಲು ಬೈಯುವುದು ಸೂಕ್ಷ್ಮದರ್ಶಕವನ್ನು. ಆದರೆ ಕೆಲಸ ಕೆಡುವುದು ಸಾಮಾನ್ಯವಾಗಿ ಅದಕ್ಕೂ ಮೊದಲೇ: ಬೇರನ್ನು ಎಲ್ಲಿ ಕತ್ತರಿಸಿದಿರಿ, ಯಾವ ಹೊತ್ತಿನಲ್ಲಿ ಕತ್ತರಿಸಿದಿರಿ, ಎಷ್ಟು ಬೇಗ ಫಿಕ್ಸಿಂಗ್ ದ್ರಾವಣಕ್ಕೆ (ಕೋಶಗಳನ್ನು ಇದ್ದ ಸ್ಥಿತಿಯಲ್ಲೇ ನಿಲ್ಲಿಸುವ ದ್ರಾವಣ) ಹಾಕಿದಿರಿ ಎಂಬಲ್ಲಿ.

ಬೇರು ಬರಿಸುವುದು

ಹೊಸದಾಗಿ ಕಿತ್ತ ಈರುಳ್ಳಿ ಬೇಡ, ಅದಿನ್ನೂ ಸುಪ್ತಾವಸ್ಥೆಯಲ್ಲಿರುತ್ತದೆ. ಸಂತೆಯಲ್ಲಿ ಹಳೆಯ, ಒಣಗಿದ, ತುದಿಯಲ್ಲಿ ಹಸಿರು ಮೊಳಕೆ ಇಣುಕುತ್ತಿರುವ ಗಡ್ಡೆಯನ್ನೇ ಆರಿಸಿ. ಸಾಂಬಾರ್ ಈರುಳ್ಳಿ ಇನ್ನೂ ಒಳ್ಳೆಯದು: ಅಗ್ಗ, ಚಿಕ್ಕ ಬಾಟಲಿಯ ಬಾಯಿಗೆ ಸರಿಯಾಗಿ ಕೂರುತ್ತದೆ, ವರ್ಣತಂತುಗಳ (ಕ್ರೋಮೋಸೋಮ್) ಸಂಖ್ಯೆಯೂ ದೊಡ್ಡ ಈರುಳ್ಳಿಯಂತೆ 16. ಬೆಳ್ಳುಳ್ಳಿಯದ್ದೂ 16.

ಗಡ್ಡೆಯ ಅಡಿಯಲ್ಲಿರುವ ಹಳೆಯ ಒಣಬೇರುಗಳನ್ನು ಬ್ಲೇಡಿನಿಂದ ಮೆಲ್ಲಗೆ ಹೆರೆಯಿರಿ. ಅಡಿಯ ಬಿಲ್ಲೆಯ ಅಂಚಿನಲ್ಲೇ ಹೊಸ ಬೇರಿನ ಮೊಗ್ಗುಗಳು ಕುಳಿತಿರುತ್ತವೆ, ಆಳವಾಗಿ ಹೆರೆದರೆ ಅವೇ ಹೋಗುತ್ತವೆ. ಗಡ್ಡೆಯನ್ನು ಬಾಟಲಿಯ ಮೇಲೆ ಕೂರಿಸಿ, ನೀರು ಅಡಿಗೆ ತಾಗಿಯೂ ತಾಗದಂತಿರಲಿ. ಗಡ್ಡೆ ನೀರಿನಲ್ಲಿ ಮುಳುಗಿದರೆ ಎರಡನೇ ದಿನಕ್ಕೆ ನಾರುತ್ತದೆ. ನಲ್ಲಿ ನೀರಿಗೆ ಕ್ಲೋರಿನ್ ಹಾಕುವ ಊರಾದರೆ ರಾತ್ರಿಯಿಡೀ ತೆರೆದಿಟ್ಟ ನೀರು ಬಳಸಿ. ಬಾವಿ ನೀರಾದರೆ ಆ ಚಿಂತೆಯಿಲ್ಲ. ದಿನಕ್ಕೊಮ್ಮೆ ನೀರು ಬದಲಿಸಿ. ಜುಲೈ ತಿಂಗಳಲ್ಲಂತೂ ಹೊರಸಿಪ್ಪೆಯನ್ನು ಪೂರ್ತಿ ತೆಗೆದು ಇಡಿ, ಕಪ್ಪು ಬೂಷ್ಟು ಶುರುವಾಗುವುದು ಆ ಸಿಪ್ಪೆಯ ಸಂದಿಯಲ್ಲೇ.

20ರಿಂದ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡರಿಂದ ನಾಲ್ಕು ದಿನಕ್ಕೆ ಬೇರು ಎರಡು ಸೆಂಟಿಮೀಟರ್ ಮುಟ್ಟುತ್ತದೆ. ಮಡಿಕೇರಿಯ ಚಳಿಯಲ್ಲಿ ಇನ್ನೂ ಒಂದೆರಡು ದಿನ ಕೊಡಿ, ಅಥವಾ ಬಾಟಲಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಒಳಗೊಂದು ಸಣ್ಣ ಬಲ್ಬ್ ಉರಿಸಿ, ಥರ್ಮಾಮೀಟರ್ ನೋಡುತ್ತಿರಿ. ಇಲ್ಲಿ ಮರೆಯಬಾರದ್ದು ಒಂದಿದೆ. ಚಳಿಯಲ್ಲಿ ಬೇರು ನಿಧಾನವಾಗುವುದು ಎಂದರೆ ಕೋಶಚಕ್ರವೇ ನಿಧಾನವಾಗುವುದು. ಬೇರು ಉದ್ದ ಕಂಡಿತೆಂದು ಚಳಿಯ ಮುಂಜಾನೆಯೇ ಕತ್ತರಿಸಿದರೆ ವಿಭಜಿಸುತ್ತಿರುವ ಕೋಶಗಳು ಕಡಿಮೆ ಸಿಗುತ್ತವೆ. ಒಂದರಿಂದ ಮೂರು ಸೆಂಟಿಮೀಟರ್ ಉದ್ದದ, ಬೆಳ್ಳಗೆ ನೆಟ್ಟಗಿರುವ ಬೇರು ಬೇಕು. ತುದಿ ಕಂದು ತಿರುಗಿದ್ದು ಸತ್ತ ಬೇರು.

ಕತ್ತರಿಸುವ ಹೊತ್ತು, ಫಿಕ್ಸಿಂಗ್

ಬೆಳಿಗ್ಗೆ ಎಂಟರಿಂದ ಹತ್ತರೊಳಗೆ ಕತ್ತರಿಸಿ ಎಂದು ಪ್ರಯೋಗ ಪುಸ್ತಕಗಳು ಹೇಳುತ್ತವೆ. ಅದನ್ನು ಶಾಸನದಂತೆ ಹಿಡಿಯಬೇಡಿ. ಉಷ್ಣತೆ ಬದಲಾದರೆ ವಿಭಜನೆ ಹೆಚ್ಚಿರುವ ಹೊತ್ತೂ ಸರಿಯುತ್ತದೆ. ಒಂದೇ ದಿನ ಎಂಟು, ಹತ್ತು, ಹನ್ನೆರಡು ಗಂಟೆಗೆ ಐದೈದು ಬೇರು ಕತ್ತರಿಸಿ ಬೇರೆಬೇರೆ ಶೀಶೆಗಳಲ್ಲಿ ಹಾಕಿ, ಮೇಲೆ ಪೆನ್ಸಿಲಿನಲ್ಲಿ ಹೊತ್ತು ಬರೆದಿಡುವುದು ಉತ್ತಮ. ಪೆನ್ನಿನ ಶಾಯಿ ಆಲ್ಕೋಹಾಲ್ ತಾಗಿದರೆ ಅಳಿಸಿಹೋಗುತ್ತದೆ.

ಫಿಕ್ಸಿಂಗ್ ದ್ರಾವಣ: ಅಬ್ಸಲ್ಯೂಟ್ ಆಲ್ಕೋಹಾಲ್ ಮೂರು ಪಾಲು, ಗ್ಲೇಶಿಯಲ್ ಅಸಿಟಿಕ್ ಆಮ್ಲ ಒಂದು ಪಾಲು. 15 ಮಿಲಿಗೆ 5 ಮಿಲಿ ಹಾಕಿದರೆ ಒಂದು ಬ್ಯಾಚಿಗೆ ಸಾಕು. ಅಂದಂದೇ ಬೆರೆಸಿ. ಬೆರೆಸಿಟ್ಟರೆ ಎರಡೂ ಸೇರಿ ಈಥೈಲ್ ಅಸಿಟೇಟ್ ಆಗುತ್ತಾ ಹೋಗಿ ಗುಣ ಕೆಡುತ್ತದೆ. ಬಣ್ಣದ ಅಂಗಡಿಯಲ್ಲಿ ಮಾರುವ ಸ್ಪಿರಿಟ್ ಇದಕ್ಕೆ ಬೇಡ.

ಕೊಡಗಿನ ಪ್ರಯೋಗಾಲಯಗಳಲ್ಲಿ ಡಿಸೆಂಬರ್, ಜನವರಿಯಲ್ಲಿ ಬರುವ ಒಂದು ತೊಂದರೆ ಬಯಲುಸೀಮೆಯವರಿಗೆ ಗೊತ್ತೇ ಇರುವುದಿಲ್ಲ. ಗ್ಲೇಶಿಯಲ್ ಅಸಿಟಿಕ್ ಆಮ್ಲ 16.6 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಬೆಳಿಗ್ಗೆ ಬೀರು ತೆರೆದರೆ ಬಾಟಲಿಯೊಳಗೆ ಮಂಜುಗಡ್ಡೆಯಂಥ ಹರಳು. ಆಮ್ಲ ಕೆಟ್ಟಿಲ್ಲ, ಎಸೆಯಬೇಡಿ. ಮುಚ್ಚಳ ಸ್ವಲ್ಪ ಸಡಿಲಿಸಿ ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿ, ಪೂರ್ತಿ ಕರಗಿದ ಮೇಲೆ ಅಳೆಯಿರಿ. ಅರ್ಧ ಕರಗಿದ್ದಾಗ ಮೇಲಿನ ದ್ರವವನ್ನಷ್ಟೇ ಬಗ್ಗಿಸಿದರೆ ಬಾಟಲಿಯಲ್ಲಿದ್ದ ನೀರಿನಂಶವೆಲ್ಲ ಆ ದ್ರವದಲ್ಲೇ ಸೇರಿ ನಿಮ್ಮ ಪ್ರಮಾಣ ತಪ್ಪುತ್ತದೆ. ಬೆಂಕಿಯ ಮೇಲೆ ಇಡಲೇಬೇಡಿ, ಅದರ ಆವಿ ಹೊತ್ತಿಕೊಳ್ಳುತ್ತದೆ.

ಬೇರಿನ ತುದಿಯ ಒಂದು ಸೆಂಟಿಮೀಟರ್ ಕತ್ತರಿಸಿ ತಕ್ಷಣ ದ್ರಾವಣಕ್ಕೆ ಹಾಕಿ. ಹತ್ತು ನಿಮಿಷ ತಟ್ಟೆಯಲ್ಲಿ ಒಣಗಿಸಿ ಆಮೇಲೆ ಹಾಕಿದರೆ ವರ್ಣತಂತುಗಳು ಅಂಟಂಟಾಗಿ ಮುದ್ದೆಯಾಗಿ ಕಾಣುತ್ತವೆ. ಕನಿಷ್ಠ ನಾಲ್ಕು ಗಂಟೆ, ಸಾಧ್ಯವಾದರೆ ಒಂದು ದಿನ ಬಿಡಿ. ಬಳಿಕ ಶೇ. 70ರ ಆಲ್ಕೋಹಾಲಿಗೆ ಬದಲಿಸಿ ಫ್ರಿಜ್ಜಿನಲ್ಲಿಟ್ಟರೆ ವಾರಗಟ್ಟಲೆ ಕೆಡದು. ಶೇ. 95ರ ಸ್ಪಿರಿಟ್ ಇದ್ದರೆ 70 ಮಿಲಿ ಅಳೆದು, ಒಟ್ಟು 95 ಮಿಲಿ ಆಗುವವರೆಗೆ ನೀರು ಸೇರಿಸಿ, ಶೇ. 70ರದ್ದು ಸಿದ್ಧ.

ಬಣ್ಣ ಹಿಡಿಸುವುದು

ಅಸಿಟೋಕಾರ್ಮಿನ್‌ಗೆ 45 ಮಿಲಿ ಅಸಿಟಿಕ್ ಆಮ್ಲ, 55 ಮಿಲಿ ಬಟ್ಟಿ ಇಳಿಸಿದ ನೀರು, ಒಂದು ಗ್ರಾಂ ಕಾರ್ಮಿನ್ ಪುಡಿ. ಗಾಳಿಯಾಡುವ ಜಾಗದಲ್ಲಿ ಸಣ್ಣಗೆ ಅರ್ಧ ಗಂಟೆ ಕುದಿಸಿ, ಆರಿದ ಮೇಲೆ ಸೋಸಿ ಕಂದು ಬಾಟಲಿಯಲ್ಲಿಡಿ. ಹಳೆಯ ಬಾಟಲಿಯದ್ದಾದರೆ ಬಳಸುವ ಮೊದಲು ಮತ್ತೊಮ್ಮೆ ಸೋಸಿ. ಇಲ್ಲದಿದ್ದರೆ ಕಾರ್ಮಿನ್ ಹರಳುಗಳನ್ನೇ ವರ್ಣತಂತು ಎಂದು ಚಿತ್ರ ಬರೆಯುವವರಿದ್ದಾರೆ. ಹರಳು ಚೂಪಾಗಿ, ಕೋಶದ ಹೊರಗೂ ಬಿದ್ದಿರುತ್ತದೆ. ವರ್ಣತಂತು ಕೋಶದೊಳಗೇ ಇರುತ್ತದೆ, ಅದರ ಅಂಚು ದುಂಡು.

ಬೇರಿನ ಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಪದರವನ್ನು ಆಮ್ಲದಿಂದ ಸಡಿಲಿಸದಿದ್ದರೆ ಎಷ್ಟು ಒತ್ತಿದರೂ ಕೋಶಗಳು ಒಂದೇ ಪದರವಾಗಿ ಹರಡುವುದಿಲ್ಲ. ಒಂದು ನಾರ್ಮಲ್ (1N) ಸಾಂದ್ರತೆಯ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಸುಮಾರು 80 ಮಿಲಿ ನೀರಿಗೆ 8.5 ಮಿಲಿ ಸಾಂದ್ರ ಆಮ್ಲವನ್ನು ನಿಧಾನ ಸುರಿದು, ಒಟ್ಟು 100 ಮಿಲಿಗೆ ತುಂಬಿಸಿ. ನೀರಿಗೆ ಆಮ್ಲ, ಆಮ್ಲಕ್ಕೆ ನೀರಲ್ಲ. ತುದಿಗಳನ್ನು ಇದರಲ್ಲಿ 60 ಡಿಗ್ರಿಯಲ್ಲಿ ಐದರಿಂದ ಎಂಟು ನಿಮಿಷ ಇಡಿ. ಕಡಿಮೆಯಾದರೆ ಬೇರು ರಬ್ಬರಿನಂತೆ ಜಾರುತ್ತದೆ. ಹೆಚ್ಚಾದರೆ ಸೂಜಿ ತಾಗಿದೊಡನೆ ಕರಗಿ, ಬಣ್ಣವೂ ಹಿಡಿಯುವುದಿಲ್ಲ.

ಮಳೆಗಾಲದಲ್ಲಿ ಕರೆಂಟು ಹೋಗಿ ವಾಟರ್ ಬಾತ್ ನಿಂತುಹೋದರೆ ಅಗಲ ಬಾಯಿಯ ಥರ್ಮಾಸ್ ಫ್ಲಾಸ್ಕ್ ಸಾಕು. ಮಡಿಕೇರಿಯ ಎತ್ತರದಲ್ಲಿ ನೀರು ಕುದಿಯುವುದು 100ಕ್ಕಲ್ಲ, ಸುಮಾರು 96 ಡಿಗ್ರಿಗೆ. ಕುದಿವ ನೀರಿಗೆ ಅಷ್ಟೇ ಪ್ರಮಾಣದ 24 ಡಿಗ್ರಿಯ ನೀರು ಬೆರೆಸಿದರೆ ಲೆಕ್ಕ ಸರಿಯಾಗಿ 60ಕ್ಕೆ ಬರುತ್ತದೆ. ಫ್ಲಾಸ್ಕ್ ತಾನೇ ಸ್ವಲ್ಪ ಬಿಸಿ ಕುಡಿಯುವುದರಿಂದ ಥರ್ಮಾಮೀಟರ್ ನೋಡಿ ಸರಿಪಡಿಸಿ. ಆಮ್ಲ, ಬೇರು ಇರುವ ಚಿಕ್ಕ ಶೀಶೆಯನ್ನು ಅದರೊಳಗೆ ಇಳಿಬಿಡಿ.

ಇಷ್ಟೂ ಸಮಯವಿಲ್ಲದಿದ್ದರೆ ವಾಚ್‌ಗ್ಲಾಸಿನಲ್ಲಿ ಒಂಬತ್ತು ಹನಿ ಅಸಿಟೋಕಾರ್ಮಿನ್, ಒಂದು ಹನಿ ಅದೇ ಆಮ್ಲ ಹಾಕಿ, ತುದಿಗಳನ್ನಿಟ್ಟು ಸ್ಪಿರಿಟ್ ದೀಪದ ಮೇಲೆ ಆವಿ ಏಳುವಷ್ಟು ಬಿಸಿ ಮಾಡಿ ತೆಗೆಯಿರಿ. ಕುದಿಸಬಾರದು. ಹೀಗೆ ಮೂರ್ನಾಲ್ಕು ಸಲ ಮಾಡಿ ಅರ್ಧ ಗಂಟೆ ಮುಚ್ಚಿಡಿ. ಪರೀಕ್ಷೆಯ ದಿನ ನಡೆಯುವುದು ಈ ವಿಧಾನವೇ. ಫಲಿತಾಂಶ ಮಾತ್ರ ಮೊದಲಿನದ್ದರಷ್ಟು ಸ್ವಚ್ಛವಲ್ಲ.

ಒತ್ತುವುದು

ಬಣ್ಣ ಹಿಡಿದ ಬೇರನ್ನು ಸ್ಲೈಡಿನ ಮೇಲಿಟ್ಟು ಬಿಳಿ ಕಾಗದದ ಮೇಲೆ ಹಿಡಿದು ನೋಡಿ. ಕೊನೆಯ ಒಂದೂವರೆ ಮಿಲಿಮೀಟರ್ ಗಾಢ ಕೆಂಪು, ಅದರ ಹಿಂದಿನದ್ದು ತಿಳಿಗುಲಾಬಿ. ಗಾಢವಾದ ಭಾಗದಲ್ಲಿ ಕೋಶಗಳು ಚಿಕ್ಕವು, ಒತ್ತೊತ್ತಾಗಿವೆ, ಪ್ರತಿಯೊಂದರಲ್ಲೂ ದೊಡ್ಡ ನ್ಯೂಕ್ಲಿಯಸ್ ಇದೆ. ಅದಕ್ಕೇ ಅಷ್ಟು ಬಣ್ಣ. ಅದನ್ನಷ್ಟೇ ಉಳಿಸಿ ಮಿಕ್ಕಿದ್ದನ್ನು ಕತ್ತರಿಸಿ ಎಸೆಯಿರಿ. ಸ್ಲೈಡಿನ ತುಂಬ ಉದ್ದುದ್ದ ಖಾಲಿ ಕೋಶಗಳೇ ಕಂಡರೆ ನೀವು ಉಳಿಸಿಕೊಂಡದ್ದು ತಪ್ಪು ತುಂಡು, ಅದು ಉದ್ದವಾಗುವ ವಲಯ, ಅಲ್ಲಿ ವಿಭಜನೆ ಮುಗಿದಿರುತ್ತದೆ.

ಒಂದು ಹನಿ ಶೇ. 45ರ ಅಸಿಟಿಕ್ ಆಮ್ಲ ಅಥವಾ ಹೊಸ ಬಣ್ಣ ಹಾಕಿ, ಸೂಜಿಯಿಂದ ತುಂಡನ್ನು ಸ್ವಲ್ಪ ಬಿಡಿಸಿ, ಕವರ್‌ಸ್ಲಿಪ್ಪನ್ನು ಓರೆಯಾಗಿ ಇಳಿಸಿ. ಪೆನ್ಸಿಲಿನ ರಬ್ಬರ್ ತುದಿಯಿಂದ ನೇರ ಮೇಲಿನಿಂದ ಹಗುರವಾಗಿ ತಟ್ಟಿ, ಕೆಂಪು ಚುಕ್ಕೆ ಹರಡಿ ಮೋಡದಂತಾಗುವುದು ಕಾಣುತ್ತದೆ. ಆಮೇಲೆ ಬ್ಲಾಟಿಂಗ್ ಪೇಪರ್ ಮಡಿಸಿ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ. ಕವರ್‌ಸ್ಲಿಪ್ ಒಂದು ಕೂದಲೆಳೆಯಷ್ಟೂ ಜಾರಬಾರದು. ಜಾರಿದರೆ ಕೋಶಗಳು ಬತ್ತಿಯಂತೆ ಸುರುಳಿ ಸುತ್ತಿಕೊಳ್ಳುತ್ತವೆ, ಆ ಸ್ಲೈಡನ್ನು ರಿಪೇರಿ ಮಾಡಲು ಬರುವುದಿಲ್ಲ. ಅಂಚಿಗೆ ನೇಲ್ ಪಾಲಿಶ್ ಬಳಿದರೆ ಕೆಲವು ದಿನ ಒಣಗದೆ ಉಳಿಯುತ್ತದೆ.

ಕಂಡದ್ದನ್ನು ಗುರುತಿಸುವುದು

10ರ ವಸ್ತುಮಸೂರದಲ್ಲಿ ಚೌಕಾಕಾರದ ಚಿಕ್ಕ ಕೋಶಗಳ ಗುಂಪು ಹುಡುಕಿ, ಆಮೇಲೆ 40ಕ್ಕೆ ಹೋಗಿ. ನೇರವಾಗಿ 40ಕ್ಕೆ ಹೋದವರು ಗಾಳಿಗುಳ್ಳೆ ನೋಡುತ್ತಾ ಕೂರುತ್ತಾರೆ.

ಹೆಚ್ಚಿನ ಜಗಳ ನಡೆಯುವುದು ಇಂಟರ್‌ಫೇಸ್ (ಎರಡು ವಿಭಜನೆಗಳ ನಡುವಿನ ಅವಧಿ) ಮತ್ತು ಆರಂಭದ ಪ್ರೊಫೇಸ್ (ವಿಭಜನೆಯ ಮೊದಲ ಹಂತ) ನಡುವೆ. ಇಂಟರ್‌ಫೇಸಿನ ನ್ಯೂಕ್ಲಿಯಸ್ ಮರಳು ಎರಚಿದಂತೆ ಕಾಣುತ್ತದೆ, ನಡುವೆ ತಿಳಿಬಣ್ಣದ ದುಂಡು ನ್ಯೂಕ್ಲಿಯೋಲಸ್ ಇರುತ್ತದೆ. ಫೈನ್ ಫೋಕಸ್ ತಿರುಗಿಸಿದಾಗ ಒಂದು ಎಳೆಯನ್ನಾದರೂ ಸ್ವಲ್ಪ ದೂರ ಹಿಂಬಾಲಿಸಲು ಸಾಧ್ಯವಾದರೆ ಪ್ರೊಫೇಸ್ ಎನ್ನಿ, ಇಲ್ಲದಿದ್ದರೆ ಇಂಟರ್‌ಫೇಸ್. ಈ ನಿಯಮವನ್ನು ಎಣಿಕೆ ಶುರು ಮಾಡುವ ಮೊದಲೇ ಬರೆದಿಟ್ಟುಕೊಳ್ಳಿ, ನಡುವೆ ಬದಲಿಸಬೇಡಿ.

ಮೆಟಾಫೇಸನ್ನು ಪಕ್ಕದಿಂದ ನೋಡಿದರೆ ಕೋಶಕ್ಕೆ ಅಡ್ಡವಾಗಿ ಒಂದು ದಪ್ಪ ಪಟ್ಟಿ, ಅದರಿಂದ ತೋಳುಗಳು ಆಚೀಚೆ ಇಳಿಬಿದ್ದಿರುತ್ತವೆ. ಅದೇ ಹಂತವನ್ನು ಧ್ರುವದ ಕಡೆಯಿಂದ ನೋಡಿದರೆ ಪಟ್ಟಿ ಇಲ್ಲವೇ ಇಲ್ಲ, ವರ್ಣತಂತುಗಳು ವೃತ್ತವಾಗಿ ಹರಡಿರುತ್ತವೆ. ಎಷ್ಟೋ ವಿದ್ಯಾರ್ಥಿಗಳು ಇದನ್ನು ಪ್ರೊಫೇಸ್ ಪಟ್ಟಿಗೆ ಸೇರಿಸುತ್ತಾರೆ. ಎಣಿಸಲು ಅತ್ಯುತ್ತಮವಾದ ಕೋಶ ಅದೇ. ಅನಾಫೇಸಿನಲ್ಲಿ ಎರಡು ಗುಂಪುಗಳು, ಪ್ರತಿ ವರ್ಣತಂತುವಿನ ಮೂಗು ಧ್ರುವದ ಕಡೆಗೆ, ಬಾಲ ಹಿಂದಕ್ಕೆ. ಟೀಲೋಫೇಸಿನಲ್ಲಿ ಎರಡು ಗುಂಪುಗಳ ನಡುವೆ ತೆಳ್ಳಗೆ ಕೋಶಫಲಕ ಏಳುತ್ತಿರುತ್ತದೆ. ಪ್ರಾಣಿಕೋಶದ ಹಾಗೆ ನಡು ಹಿಸುಕಿದಂತೆ ಚಿತ್ರ ಬರೆದರೆ ಅಂಕ ಹೋಗುತ್ತದೆ.

ವರ್ಣತಂತುಗಳನ್ನು ಒಂದೊಂದಾಗಿ ಎಣಿಸಬೇಕಿದ್ದರೆ ಕತ್ತರಿಸುವ ಮೊದಲು ಬೇರುಗಳನ್ನು 24 ಗಂಟೆ ಮಂಜಿನಷ್ಟು ತಣ್ಣಗಿನ ನೀರಿನಲ್ಲಿಡಿ. ವರ್ಣತಂತುಗಳನ್ನು ಧ್ರುವಗಳಿಗೆ ಎಳೆಯುವ ಕದಿರು ಎಳೆಗಳು ಕುಸಿದು ಕೋಶಗಳು ಮೆಟಾಫೇಸಿನಲ್ಲೇ ನಿಲ್ಲುತ್ತವೆ, ವರ್ಣತಂತು ಕುಗ್ಗಿ ಬಿಡಿಬಿಡಿಯಾಗುತ್ತದೆ. ಕಾಲ್ಚಿಸಿನ್ ಕೂಡ ಇದೇ ಕೆಲಸ ಮಾಡುತ್ತದೆ, ಆದರೆ ಅದು ವಿಷ. ತರಗತಿಗೆ ಐಸ್ ಸಾಕು. ಹೀಗೆ ತಣ್ಣಗೆ ಮಾಡಿದ ಬೇರಿನಲ್ಲಿ ಅನಾಫೇಸ್ ಹುಡುಕಬೇಡಿ, ಮೈಟಾಟಿಕ್ ಇಂಡೆಕ್ಸ್ ಲೆಕ್ಕಕ್ಕೂ ಅದನ್ನು ಬಳಸಬೇಡಿ.

ಇಂಡೆಕ್ಸ್ ಎಂದರೆ ವಿಭಜಿಸುತ್ತಿರುವ ಕೋಶಗಳನ್ನು ಒಟ್ಟು ಕೋಶಗಳಿಂದ ಭಾಗಿಸಿ ನೂರರಿಂದ ಗುಣಿಸಿದ್ದು. ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳಿ: 500 ಕೋಶಗಳಲ್ಲಿ ಇಂಟರ್‌ಫೇಸ್ 440, ಪ್ರೊಫೇಸ್ 35, ಮೆಟಾಫೇಸ್ 9, ಅನಾಫೇಸ್ 6, ಟೀಲೋಫೇಸ್ 10. ಇಂಡೆಕ್ಸ್ 60/500, ಅಂದರೆ ಶೇ. 12. ಕೋಶಚಕ್ರಕ್ಕೆ 20 ಗಂಟೆ ಎಂದು ಕೊಟ್ಟಿದ್ದರೆ ಮೆಟಾಫೇಸಿನ ಅವಧಿ 1200 ನಿಮಿಷದ 9/500, ಸುಮಾರು 22 ನಿಮಿಷ. ಪ್ರೊಫೇಸ್ 84 ನಿಮಿಷ. ಹೆಚ್ಚು ಕಂಡ ಹಂತ ಹೆಚ್ಚು ಹೊತ್ತು ಹಿಡಿಯುತ್ತದೆ ಎಂಬುದೇ ಇದರ ತಳಹದಿ. ಚೆಂದದ ಕೋಶಗಳಿರುವ ಜಾಗ ಆರಿಸಿ ಎಣಿಸಿದರೆ ಈ ಲೆಕ್ಕ ಸುಳ್ಳಾಗುತ್ತದೆ. ಸ್ಲೈಡನ್ನು ಸಾಲುಸಾಲಾಗಿ ಸರಿಸುತ್ತಾ ಸಿಕ್ಕಿದ್ದನ್ನೆಲ್ಲ ಎಣಿಸಿ.

ಸೆಂಟ್ರೋಮಿಯರ್ ಎಣಿಸಿ

ಕಾಗದದ ಮೇಲಿನ ಪ್ರಶ್ನೆಗಳಲ್ಲಿ ಎಡವುವುದು ಒಂದೇ ಕಡೆ: ವರ್ಣತಂತು ಎಷ್ಟು, ಕ್ರೊಮ್ಯಾಟಿಡ್ (ನಕಲಾದ ವರ್ಣತಂತುವಿನ ಎರಡು ಎಳೆಗಳಲ್ಲಿ ಒಂದೊಂದು) ಎಷ್ಟು, ಡಿಎನ್‌ಎ ಎಷ್ಟು. ಎಷ್ಟು ಸೆಂಟ್ರೋಮಿಯರ್ (ಆ ಎಳೆಗಳು ಕೂಡಿರುವ ಗಂಟು) ಬೇರೆಬೇರೆಯಾಗಿವೆಯೋ ಅಷ್ಟೇ ವರ್ಣತಂತು. ಈರುಳ್ಳಿ ಬೇರಿನ ಕೋಶ, ಡಿಎನ್‌ಎ ನಕಲಾಗುವ ಮೊದಲಿನ ಜಿ1 ಹಂತದಲ್ಲಿ 16 ವರ್ಣತಂತು, ಡಿಎನ್‌ಎ 2ಸಿ (ಸಿ ಎಂದರೆ ಒಂದು ಲಿಂಗಾಣುವಿನಲ್ಲಿರುವಷ್ಟು ಡಿಎನ್‌ಎ). ಡಿಎನ್‌ಎ ನಕಲಾಗುವ ಎಸ್ ಹಂತ ದಾಟಿದ ಮೇಲೆ ಡಿಎನ್‌ಎ 4ಸಿ, ಕ್ರೊಮ್ಯಾಟಿಡ್ 32, ವರ್ಣತಂತು ಮಾತ್ರ ಇನ್ನೂ 16. ಮೆಟಾಫೇಸಿನಲ್ಲೂ ಅದೇ. ಅನಾಫೇಸಿನಲ್ಲಿ ಸೆಂಟ್ರೋಮಿಯರ್ ಸೀಳಿದ ಕ್ಷಣ ಆ ಒಂದೇ ಕೋಶದೊಳಗೆ ವರ್ಣತಂತು 32. ಡಿಎನ್‌ಎ ಹೆಚ್ಚಲೂ ಇಲ್ಲ, ಕಡಿಮೆಯಾಗಲೂ ಇಲ್ಲ.

ಮಿಯಾಸಿಸ್‌ನಲ್ಲಿ (ಸಂಖ್ಯೆ ಅರ್ಧವಾಗಿ ಲಿಂಗಾಣುಗಳನ್ನು ಕೊಡುವ ವಿಭಜನೆ) ಇದೇ ನಿಯಮ ಹಿಡಿದು ಹೋಗಿ. ಮೊದಲ ಮೆಟಾಫೇಸಿನಲ್ಲಿ 8 ಜೋಡಿಗಳು, ಆದರೆ ವರ್ಣತಂತು 16, ಕ್ರೊಮ್ಯಾಟಿಡ್ 32. ಮೊದಲ ಅನಾಫೇಸಿನಲ್ಲಿ ಸೆಂಟ್ರೋಮಿಯರ್ ಸೀಳುವುದಿಲ್ಲ, ಜೋಡಿಗಳು ಬೇರಾಗುತ್ತವೆ, ಅಷ್ಟೇ. ಪ್ರತಿ ಧ್ರುವಕ್ಕೆ 8. ಹಾಗಾಗಿ ಸಂಖ್ಯೆ ಅರ್ಧವಾಗುವುದು ಮೊದಲ ವಿಭಜನೆಯಲ್ಲಿ. ಎರಡನೆಯದರಲ್ಲಿ ಡಿಎನ್‌ಎ 2ಸಿಯಿಂದ 1ಸಿಗೆ ಇಳಿಯುತ್ತದೆ, ಪರಾಗದ ಕೋಶದಲ್ಲಿ ಉಳಿಯುವುದು 8.

ಮಿಯಾಸಿಸ್ ನೋಡಲು ಮೊಗ್ಗು ಬೇಕು, ಅದೂ ಅರಳುವುದಕ್ಕೆ ಬಹಳ ಮೊದಲಿನದು. ಮನೆಯಂಗಳದಲ್ಲಿ ಎಲೆಯ ಅಡಿ ನೇರಳೆ ಇರುವ, ದೋಣಿಯಂಥ ತೊಟ್ಟೆಲೆಯೊಳಗೆ ಬಿಳಿ ಹೂ ಬಿಡುವ ರಿಯೋ ಗಿಡ ಎಲ್ಲರಿಗೂ ಕೈಗೆ ಸಿಗುತ್ತದೆ. ಅದರ ಒಂದೇ ಗೊಂಚಲಿನಲ್ಲಿ ಎಲ್ಲ ಗಾತ್ರದ ಮೊಗ್ಗುಗಳೂ ಇರುವುದರಿಂದ ಸರಿಯಾದ ಹಂತ ಹುಡುಕುವುದು ಸುಲಭ. ಪರಾಗಕೋಶ ಪಾರದರ್ಶಕವಾಗಿದ್ದರೆ ಸರಿ, ಹಳದಿ ತಿರುಗಿದ್ದರೆ ವಿಭಜನೆ ಮುಗಿದಿದೆ. ಒಂದು ಎಚ್ಚರಿಕೆ: ರಿಯೋದ 12 ವರ್ಣತಂತುಗಳು ಪುಸ್ತಕದ ಚಿತ್ರದಂತೆ ಆರು ಜೋಡಿಯಾಗುವುದಿಲ್ಲ. ಹಳೆಯ ಸ್ಥಾನಾಂತರಗಳಿಂದಾಗಿ (ವರ್ಣತಂತುಗಳ ತುಂಡುಗಳು ಅದಲುಬದಲಾಗಿರುವುದರಿಂದ) ತುದಿಗೆ ತುದಿ ಕೂಡಿ ಒಂದೇ ಉಂಗುರ ಅಥವಾ ಸರಪಳಿಯಾಗುತ್ತವೆ. ನಿಮ್ಮ ಸ್ಲೈಡ್ ತಪ್ಪಲ್ಲ, ಗಿಡವೇ ಹಾಗೆ.

ಇದೇ ಲೆಕ್ಕ ತೋಟದಲ್ಲಿ

ಕಾಫಿ ಬೇರಿನಲ್ಲೇ ನೋಡಬಹುದಲ್ಲ ಎಂದು ಪ್ರತಿ ತರಗತಿಯಲ್ಲೂ ಯಾರಾದರೂ ಕೇಳುತ್ತಾರೆ. ಮೊದಲ ಸಲಕ್ಕೆ ಬೇಡ. ಬೀಜ ಮೊಳೆಯಲು ಒಂದೂವರೆ ತಿಂಗಳಾಗುತ್ತದೆ, ವರ್ಣತಂತುಗಳು ಈರುಳ್ಳಿಯದ್ದಕ್ಕಿಂತ ತೀರಾ ಚಿಕ್ಕವು, ಫೀನಾಲ್‌ಗಳಿಂದ ಬೇರು ಕಂದಾಗುತ್ತದೆ. ಸಂಖ್ಯೆಯನ್ನು ಮಾತ್ರ ತಿಳಿದಿರಿ: ರೋಬಸ್ಟಾ 22, ಅರೇಬಿಕಾ 44. ಅರೇಬಿಕಾ ಎರಡು ಜಾತಿಗಳು ಕೂಡಿ ಆದದ್ದು. ಒಂದು ರೋಬಸ್ಟಾದ ಜಾತಿಯಾದ ಕ್ಯಾನಿಫೋರಾ, ಇನ್ನೊಂದು ಯೂಜೀನಿಯಾಯ್ಡಿಸ್. ಅರೇಬಿಕಾದ ಪರಾಗದಲ್ಲಿ 22, ರೋಬಸ್ಟಾದ ಅಂಡದಲ್ಲಿ 11, ಕೂಡಿದರೆ 33. ಮಿಯಾಸಿಸ್‌ನಲ್ಲಿ ಸರಿಯಾದ ಜೊತೆಯಿಲ್ಲದ ವರ್ಣತಂತುಗಳು ಅತ್ತಿತ್ತ ಹಂಚಿಹೋಗಿ, ಬಹುಪಾಲು ಪರಾಗ ಬಂಜೆ. ನೇಂದ್ರ ಬಾಳೆಯದ್ದೂ 33, ಅದರಲ್ಲಿ ಬೀಜ ಕಾಣದಿರುವುದಕ್ಕೆ ಒಂದು ಕಾರಣ ಇದೇ. ಆದರೆ ರೋಬಸ್ಟಾ ಕಡೆಯಿಂದ ಅಪರೂಪಕ್ಕೆ ಅರ್ಧವಾಗದ 22ರ ಲಿಂಗಾಣು ಬಂದರೆ 44 ಆಗಿ ಫಲವತ್ತಾದ ಗಿಡ ಹುಟ್ಟುತ್ತದೆ. ತಿಮೋರ್ ದ್ವೀಪದಲ್ಲಿ ತಾನಾಗಿ ಹುಟ್ಟಿದ ಮಿಶ್ರತಳಿ ಅಂಥದ್ದು. ಅದನ್ನು ಗಿಡ್ಡ ಕಟುರಾ ತಳಿಯೊಡನೆ ಕೂಡಿಸಿದ್ದರಿಂದ ಬಂದದ್ದೇ ನಮ್ಮ ತೋಟಗಳ ಕಾವೇರಿ ತಳಿ. ಎಲೆ ತುಕ್ಕು ರೋಗ ತಡೆಯುವ ವಂಶವಾಹಿಗಳು ಅರೇಬಿಕಾಕ್ಕೆ ಬಂದ ಒಂದು ದಾರಿ ಇದು.

ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ಹಾಗಾಗಿ ಶುದ್ಧ ತಳಿಯ ಬೀಜ ಹಾಕಿದರೆ ಬಹುಮಟ್ಟಿಗೆ ತಾಯಿಯಂಥದ್ದೇ ಗಿಡ. ರೋಬಸ್ಟಾಕ್ಕೆ ಸ್ವಂತ ಪರಾಗ ಆಗಿಬರುವುದಿಲ್ಲ, ಪ್ರತಿ ಬೀಜವೂ ಬೇರೆ ಗಿಡದ ಜೊತೆಗಿನ ಮಿಶ್ರಣ. ಒಳ್ಳೆಯ ರೋಬಸ್ಟಾ ಗಿಡವನ್ನು ಹಾಗೆಯೇ ಉಳಿಸಿಕೊಳ್ಳಬೇಕಾದರೆ ಕಟಿಂಗ್ ಅಥವಾ ಕಸಿ, ಅಂದರೆ ಮೈಟಾಸಿಸ್ (ಬೇರಿನಲ್ಲಿ ನೋಡಿದ, ಸಂಖ್ಯೆ ಬದಲಾಗದ ವಿಭಜನೆ) ದಾರಿ. ಮೆಣಸಿನ ಬಳ್ಳಿಯ ತುಂಡು, ಏಲಕ್ಕಿಯ ಕಂದು ಕೂಡ ಅದೇ ದಾರಿ. ಕೊಡಗಿನ ಕಿತ್ತಳೆ ಮಾತ್ರ ಪರೀಕ್ಷೆಯಲ್ಲಿ ಕೇಳಲು ಹೇಳಿ ಮಾಡಿಸಿದಂತಿದೆ. ಅದು ಬೀಜದಿಂದ ಹುಟ್ಟಿದರೂ ಹೆಚ್ಚಿನ ಸಸಿಗಳು ತಾಯಿಯ ನಕಲು. ಒಂದೇ ಬೀಜದಲ್ಲಿ ಹಲವು ಭ್ರೂಣಗಳಿದ್ದು, ಹೆಚ್ಚಿನವು ತಾಯಿಯ ನ್ಯೂಸೆಲಸ್ ಅಂಗಾಂಶದಿಂದ ಮೈಟಾಸಿಸ್ ಮೂಲಕವೇ ಬಂದಿರುತ್ತವೆ.

ಮೆಂಡಲ್ ಅನುಪಾತಕ್ಕೂ ಕಾಫಿ ಆಗುತ್ತದೆ. 44 ಇದ್ದರೂ ಅರೇಬಿಕಾದ ವರ್ಣತಂತುಗಳು ಎರಡೆರಡಾಗಿಯೇ ಜೋಡಿಯಾಗುವುದರಿಂದ ಲೆಕ್ಕ ಬಟಾಣಿಯಂತೆಯೇ ನಡೆಯುತ್ತದೆ. ಕಟುರಾದ ಗಿಡ್ಡತನ ಪ್ರಬಲ ಲಕ್ಷಣ. ಗಿಡ್ಡತನಕ್ಕೆ ಶುದ್ಧವಾದ ಗಿಡವನ್ನು ಎತ್ತರದ ಎಸ್.795 ತಳಿಯೊಡನೆ ಕೂಡಿಸಿದರೆ ಮೊದಲ ಪೀಳಿಗೆ ಎಲ್ಲ ಗಿಡ್ಡ, ಎರಡನೆಯದರಲ್ಲಿ 3:1. ಗಿಡದ ಎತ್ತರ ಅಳೆಯಬೇಡಿ, ನೆರಳು ಗೊಬ್ಬರಕ್ಕೆ ತಕ್ಕಂತೆ ಅದು ಬದಲಾಗುತ್ತದೆ. ಗಂಟಿನಿಂದ ಗಂಟಿಗೆ ಇರುವ ದೂರ ಅಳೆಯಿರಿ.

80 ಗಿಡಗಳಲ್ಲಿ 55 ಗಿಡ್ಡ, 25 ಎತ್ತರ ಬಂದವು ಎಂದುಕೊಳ್ಳಿ. 3:1 ಆದರೆ ನಿರೀಕ್ಷೆ 60 ಮತ್ತು 20. ಕೈ-ಸ್ಕ್ವೇರ್ ಎಂದರೆ ಪ್ರತಿ ಗುಂಪಿನ ವ್ಯತ್ಯಾಸದ ವರ್ಗವನ್ನು ನಿರೀಕ್ಷಿತ ಸಂಖ್ಯೆಯಿಂದ ಭಾಗಿಸಿ ಕೂಡಿಸಿದ್ದು: 25/60 ಮತ್ತು 25/20, ಒಟ್ಟು 1.67. ಇಲ್ಲಿ ಸ್ವಾತಂತ್ರ್ಯದ ಮಟ್ಟ (ಗುಂಪುಗಳ ಸಂಖ್ಯೆಯಲ್ಲಿ ಒಂದು ಕಳೆದದ್ದು) ಒಂದು, ಆಕಸ್ಮಿಕ ವ್ಯತ್ಯಾಸಕ್ಕೆ ಒಪ್ಪುವ ಮಿತಿ 3.84. ಅದಕ್ಕಿಂತ ಕಡಿಮೆ ಇರುವುದರಿಂದ 3:1 ನಿಲ್ಲುತ್ತದೆ. ಇದೇ ಎಣಿಕೆಯನ್ನು 1:1ಕ್ಕೆ ಹಾಕಿ ನೋಡಿದರೆ 11.25 ಬಂದು ಬಿದ್ದುಹೋಗುತ್ತದೆ. ಈಗ ಎಂಟೇ ಗಿಡ ಬೆಳೆಸಿ 5 ಗಿಡ್ಡ, 3 ಎತ್ತರ ಬಂದಿದ್ದರೆ? 3:1ಕ್ಕೆ 0.67, 1:1ಕ್ಕೆ 0.5. ಎರಡೂ ಮಿತಿಯೊಳಗೇ ಇವೆ, ಅಂದರೆ ಎಂಟು ಗಿಡಗಳಿಂದ ಯಾವುದನ್ನೂ ಹೇಳಲಾಗದು.